ಏಳನೇ ಹಾಸಿಗೆಯ ಬಾಟಲಿ

ಆ ಆಸ್ಪತ್ರೆಯಲ್ಲಿ ಅವಳನ್ನು ಬಾಟಲಿ ಅಕ್ಕ ಎಂದು ಕರೆಯದವರು ಇಬ್ಬರೇ ಇಬ್ಬರು. ಒಬ್ಬ ಹಾಜರಿ ಪುಸ್ತಕದ ಗುಮಾಸ್ತ, ಅವನಿಗೆ ಅವಳು ಒಂದು ನಂಬರು. ಇನ್ನೊಬ್ಬ ಅವಳ ಗಂಡ, ಅವನಿಗೆ ಮದುವೆಯಾದ ದಿನದಿಂದ ಅವಳು 'ಇವಳೇ'. ಉಳಿದವರಿಗೆಲ್ಲ, ಗೇಟು ಕಾಯುವವನಿಂದ ಹಿಡಿದು ಮುಖ್ಯ ಶಸ್ತ್ರವೈದ್ಯರವರೆಗೆ, ಅವಳು ಬಾಟಲಿ ಅಕ್ಕ. ಈ ಹೆಸರನ್ನು ಅವಳು ಕೇಳಿ ಪಡೆದದ್ದಲ್ಲ, ಬಂದ ಮೇಲೆ ಬೇಡ ಎನ್ನಲೂ ಇಲ್ಲ.

ಅವಳ ಕೆಲಸವನ್ನು ಹೇಳಿ ಮುಗಿಸುವುದು ಸುಲಭ. ಮೂರನೇ ಮಹಡಿಯ ಉದ್ದನೆಯ ವಾರ್ಡು, ಎರಡು ಸಾಲು, ಸಾಲಿಗೆ ಹತ್ತು ಹಾಸಿಗೆ. ಹೊಟ್ಟೆಯೊಳಗೆ ದೊಡ್ಡ ಆಪರೇಷನ್ ಆದವರಿಗೆ ಪಕ್ಕೆಯಲ್ಲಿ ಒಂದು ತೂತು ಮಾಡಿ ನಳಿಕೆ ಇಟ್ಟಿರುತ್ತಾರೆ. ಒಳಗೆ ನಿಲ್ಲಬಾರದ ನೀರು, ರಸ, ಕೀವು ಏನಿದ್ದರೂ ಆ ನಳಿಕೆಯಲ್ಲಿ ಇಳಿದು ಹಾಸಿಗೆಯ ಕೆಳಗಿನ ಬಾಟಲಿಗೆ ಬೀಳಬೇಕು. ಎಷ್ಟು ಬಿತ್ತೆಂದು ಬೆಳಿಗ್ಗೆ ಅಳೆದು, ಚಾರ್ಟಿನಲ್ಲಿ ಬರೆದು, ಚೆಲ್ಲಿ, ತೊಳೆದು ಮತ್ತೆ ಇಡಬೇಕು. ಇಷ್ಟಕ್ಕೆ ಒಬ್ಬ ಹೆಂಗಸು ಮೂವತ್ತನಾಲ್ಕು ವರ್ಷ ಸವೆಸಬೇಕಾ ಎಂದು ಕೇಳುವ ಮಹಾನುಭಾವರು ಒಂದು ವಾರ ಆ ಕೆಲಸ ಮಾಡಿ ನೋಡಲಿ. ಮೂರನೇ ದಿನಕ್ಕೇ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲಿಳಿಯದಿದ್ದರೆ ಆಮೇಲೆ ಮಾತಾಡೋಣ.

ಅವಳದೊಂದು ಕಟ್ಟುನಿಟ್ಟು ಇತ್ತು. ಒಂಬತ್ತು ಗಂಟೆಗೆ ಡಾಕ್ಟರುಗಳು ರೌಂಡ್ಸ್ ಬಂದು ಕಣ್ಣಾರೆ ನೋಡುವವರೆಗೆ ಬಾಟಲಿಯನ್ನು ಯಾರೂ ಚೆಲ್ಲುವ ಹಾಗಿಲ್ಲ. ಗಾಜಿನ ಬಾಟಲಿ ಹೋಗಿ ಪ್ಲಾಸ್ಟಿಕ್ ಚೀಲ ಬಂದು ಎಷ್ಟೋ ವರ್ಷವಾಗಿತ್ತು. ಬಾಟಲಿ ಎಂಬ ಹೆಸರೂ ಹೋಗಲಿಲ್ಲ, ಆ ಕಟ್ಟುನಿಟ್ಟೂ ಹೋಗಲಿಲ್ಲ. ಒಮ್ಮೆ ಹೊಸ ನರ್ಸೊಬ್ಬಳು ಉತ್ಸಾಹದಲ್ಲಿ ಎಂಟು ಗಂಟೆಗೇ ನಾಲ್ಕು ಚೀಲ ಖಾಲಿ ಮಾಡಿಬಿಟ್ಟಳು. ಬಾಟಲಿ ಅಕ್ಕ ಕೂಗಾಡಲಿಲ್ಲ. ಅವಳನ್ನು ಸಿಂಕಿನ ಮುಂದೆ ನಿಲ್ಲಿಸಿ, "ಏನು ಬಣ್ಣ ಇತ್ತು ಹೇಳು," ಎಂದು ಕೇಳಿದಳು. ಮತ್ತೆ ಕೇಳಿದಳು. ನಾಲ್ಕನೇ ಸಲ ಕೇಳುವಾಗ ಕೇಳುವವಳ ಕಣ್ಣಲ್ಲೇ ನೀರು ತುಂಬಿದ್ದು ಕಂಡು ಆ ನರ್ಸು ಬೆಚ್ಚಿಬಿದ್ದಳು. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದುಃಖ ಯಾಕೆಂದು ವಾರ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮನೆಯಲ್ಲೂ ಇದೇ ಕಥೆ. ಅವಳ ಗಂಡ ಬಸ್ ಓಡಿಸಿ ನಿವೃತ್ತನಾದವನು, ಮಾತಿಗೆ ಬ್ರೇಕಿಲ್ಲದ ಮನುಷ್ಯ. "ನೋಡಿ, ನಾನು ಚಹಾ ಕುಡಿದ ಲೋಟನೂ ಇವಳು ತೊಳೆಯೋ ಮುಂಚೆ ಕಿಟಕಿಗೆ ಹಿಡಿದು ನೋಡ್ತಾಳೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. "ಎಂಜಲಿನಲ್ಲಿ ಯಾವ ಕಾಯಿಲೆ ಕಾಣುತ್ತೋ ದೇವರೇ ಬಲ್ಲ." ಅವಳು ನಗುತ್ತಿದ್ದಳು. ಗಂಡನಿಗೂ ಅವಳು ಹೇಳಿರಲಿಲ್ಲ.

ನಿವೃತ್ತಿಗೆ ಮೂರು ವಾರ ಉಳಿದಿರುವಾಗ ಸಣ್ಣ ಡಾಕ್ಟರಮ್ಮ ಒಂದು ರಾಶಿ ಹಳೆಯ ಕಡತ ಹೊತ್ತುಕೊಂಡು ಸಾಮಾನು ಕೋಣೆಗೆ ಬಂದಳು. ವಾರ್ಡಿನ ಶಸ್ತ್ರವೈದ್ಯರಲ್ಲೆಲ್ಲ ಕಿರಿಯವಳಾದ್ದರಿಂದ ಆ ಹೆಸರು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತು ಕಡತಗಳನ್ನು ಮಡಿಲಿಗೆ ಹಾಕಿಕೊಂಡಳು.

"ಅಕ್ಕ, ಮೇದೋಜೀರಕದ ಆಪರೇಷನ್ ಇಲ್ಲಿ ಶುರುವಾಗಿ ಈ ವರ್ಷಕ್ಕೆ ನಲವತ್ತು ವರ್ಷ. ಅದರ ಚರಿತ್ರೆ ಬರೀತಾ ಇದ್ದೀನಿ. ನಿಮ್ಮಷ್ಟು ಹಳಬರು ಇನ್ಯಾರೂ ಉಳಿದಿಲ್ಲ."

"ನಾನೇನು ಹೇಳ್ಲಿ ಡಾಕ್ಟ್ರಮ್ಮ? ಹೊಟ್ಟೆ ಒಳಗಿಂದು ನೀವು ಬರೀರಿ. ನನಗೆ ಗೊತ್ತಿರೋದೆಲ್ಲ ಹೊರಗೆ ಬಂದಿದ್ದು."

ಡಾಕ್ಟರಮ್ಮ ನಕ್ಕಳು. ತಾನು ಬರೆದದ್ದನ್ನು ಓದಿ ಹೇಳಿದಳು. ಬಾಟಲಿ ಅಕ್ಕನಿಗೆ ಅದರಲ್ಲಿ ಮುಕ್ಕಾಲು ಪಾಲು ಗೊತ್ತಿತ್ತು. ವಾರ್ಡಿನ ಮುಖ್ಯಸ್ಥರಾಗಿದ್ದು ಈಗ ನಿವೃತ್ತರಾಗಿರುವ ದೊಡ್ಡ ಡಾಕ್ಟರು ವರ್ಷಗಟ್ಟಲೆ ಹಾಸಿಗೆಗಳ ನಡುವೆ ನಿಂತು ಪಾಠ ಹೇಳುವಾಗ ನೆಲ ಒರೆಸುತ್ತಾ ಕೇಳಿದವಳು ಅವಳು. ಹೊಟ್ಟೆಯ ಹಿಂದೆ ಬೆನ್ನುಮೂಳೆಗೆ ಆತುಕೊಂಡು ಅಡ್ಡಡ್ಡ ಮಲಗಿರುವ ಗೇಣುದ್ದದ ಗ್ರಂಥಿ ಅದು. ತಿಂದದ್ದನ್ನೆಲ್ಲ ಕರಗಿಸುವ ರಸ ಅದರದು. ಆ ರಸ ದಾರಿ ತಪ್ಪಿ ಒಳಗೇ ಸೋರಿದರೆ ತನ್ನದು ಪರರದು ಎಂಬ ಭೇದ ಅದಕ್ಕಿಲ್ಲ, ಹೊತ್ತವನನ್ನೇ ಕರಗಿಸತೊಡಗುತ್ತದೆ. ಅದಕ್ಕೇ ಬಹಳ ಕಾಲ ಶಸ್ತ್ರವೈದ್ಯರು ಅದರ ತಂಟೆಗೇ ಹೋಗುತ್ತಿರಲಿಲ್ಲ. ಅದರ ತಲೆಭಾಗದಲ್ಲಿ ಗಂಟು ಬೆಳೆದು ಪಿತ್ತದ ದಾರಿ ಕಟ್ಟಿ, ಕಣ್ಣು ಮೈ ಎಲ್ಲ ಹಳದಿಯಾಗಿ, ತುರಿಸಿಕೊಂಡು ತುರಿಸಿಕೊಂಡು ಜನ ಸಾಯುತ್ತಿದ್ದರು.

ಧೈರ್ಯ ಮಾಡಿದ ಮೊದಲಿಗರು ಎರಡು ಸಲ ಹೊಟ್ಟೆ ತೆರೆಯುತ್ತಿದ್ದರು. ಮೊದಲ ಸಲ ಪಿತ್ತಕ್ಕೆ ಬೇರೆ ದಾರಿ, ಕೆಲವು ವಾರ ಬಿಟ್ಟು ಗಂಟು. ಕಾಮಾಲೆಯಾದವರ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ ಎಂಬ ಹೆದರಿಕೆ. ಒಂದು ಜೀವಸತ್ವದ ಇಂಜೆಕ್ಷನ್ ಕೊಟ್ಟರೆ ಹೆಪ್ಪುಗಟ್ಟುತ್ತದೆ ಎಂದು ತಿಳಿದ ಮೇಲೆ ಎಲ್ಲವೂ ಒಂದೇ ಸಲಕ್ಕಾಯಿತು. ಗ್ರಂಥಿಯ ತಲೆ, ಅದನ್ನು ಬಳಸಿಕೊಂಡಿರುವ ಸಣ್ಣ ಕರುಳಿನ ಮೊದಲ ತುಂಡು, ಪಿತ್ತಕೋಶ ಎಲ್ಲ ತೆಗೆದು, ಉಳಿದ ಮೂರು ತುದಿಗಳನ್ನು ಕರುಳಿಗೆ ಹೊಲಿಯಬೇಕು. ಆರೇಳು ಗಂಟೆಯ ಕೆಲಸ. ಒಂದು ಕಾಲಕ್ಕೆ ಹೀಗೆ ಹೊಲಿಸಿಕೊಂಡ ನಾಲ್ವರಲ್ಲಿ ಒಬ್ಬರು ಮನೆಗೆ ಹೋಗುತ್ತಿರಲಿಲ್ಲ. ಈಗ ಪಳಗಿದ ಕೈಗಳಲ್ಲಿ ನೂರಕ್ಕೆ ಇಬ್ಬರೋ ಮೂವರೋ. ಕಾಯಿಲೆ ಬಿದ್ದು ಗಟ್ಟಿಯಾದ ಗ್ರಂಥಿ ಹೊಲಿಗೆ ಹಿಡಿಯುತ್ತದೆ, ಆರೋಗ್ಯವಾಗಿರುವ ಮೆತ್ತನೆಯ ಗ್ರಂಥಿ ಬೆಣ್ಣೆಯ ಹಾಗೆ ಹರಿಯುತ್ತದೆ. "ಚೆನ್ನಾಗಿರೋ ಗ್ರಂಥಿಗೇ ನಾನು ಹೆದರೋದು," ಎಂದು ದೊಡ್ಡ ಡಾಕ್ಟರು ಹೇಳುತ್ತಿದ್ದದ್ದು ಬಾಟಲಿ ಅಕ್ಕನಿಗೆ ಬಾಯಿಪಾಠವಾಗಿತ್ತು.

"ಎರಡು ವಿಷಯ ಮಾತ್ರ ನನಗೆ ಬಗೆಹರೀತಿಲ್ಲ," ಎಂದು ಡಾಕ್ಟರಮ್ಮ ಒಂದು ಚಾರ್ಟು ಎಳೆದಳು. "ಒಂದು, ಇದು. ಮೊದಲಿನ ಚಾರ್ಟುಗಳಲ್ಲಿ ಎಷ್ಟು ಬಿತ್ತು ಅನ್ನೋದು ಮಾತ್ರ ಇದೆ. ಇಪ್ಪತ್ತಾರು ವರ್ಷದ ಹಿಂದೆ ಒಂದು ತಿಂಗಳಿಂದ ಇದ್ದಕ್ಕಿದ್ದ ಹಾಗೆ ಪೆನ್ಸಿಲಿನಲ್ಲಿ ಗೆರೆ ಎಳೆದು 'ಬಣ್ಣ' ಅಂತ ಇನ್ನೊಂದು ಕಾಲಂ ಶುರುವಾಗುತ್ತೆ. ಆಗಿನ್ನೂ ಎಷ್ಟೋ ಕಡೆ ಇಂಥದ್ದು ಇರಲಿಲ್ಲ. ಇದು ನಿಮ್ಮ ಅಕ್ಷರ ಅಲ್ವಾ?"

 ಏಳನೇ ಕ್ಲಾಸಿನವರೆಗೆ ಓದಿದ ಬಾಟಲಿ ಅಕ್ಕನ ಗುಂಡುಗುಂಡನೆ ಅಕ್ಷರ ತಾನೇ ಸಾಕ್ಷಿ ಹೇಳುತ್ತಿತ್ತು.

"ಎರಡನೇದು, ಅದಕ್ಕೆ ಮುಂಚೆ ಆರು ವರ್ಷ ದೊಡ್ಡ ಡಾಕ್ಟರು ಈ ಆಪರೇಷನ್ ಒಂದೂ ಮಾಡಿಲ್ಲ. ಅರವತ್ತೊಂದು ಜನ ಬಂದಿದ್ದಾರೆ. ಪಿತ್ತಕ್ಕೆ ಬೇರೆ ದಾರಿ ಮಾಡಿ, ತುರಿಕೆ ಕಡಿಮೆ ಮಾಡಿ, ಗಂಟನ್ನ ಮುಟ್ಟದೆ ಮನೆಗೆ ಕಳಿಸಿದ್ದಾರೆ. ಅಷ್ಟು ಒಳ್ಳೆ ಕೈ ಯಾಕೆ ನಿಂತುಹೋಯ್ತು? ಕೇಳಿದ್ರೆ ಅವರು ಮಾತು ತೇಲಿಸ್ತಾರೆ. ಅದು ಹೋಗ್ಲಿ ಬಿಡಿ. ಬಾಟಲಿ ನೋಡೋ ಪದ್ಧತಿ ತಂದವರು ನೀವು ಅಂತ ಪುಸ್ತಕದಲ್ಲಿ ನಿಮ್ಮ ಫೋಟೋ ಹಾಕ್ತೀನಿ. ಬೇಡ ಅನ್ನಬಾರದು."

ಅರವತ್ತೊಂದು ಎಂಬ ಲೆಕ್ಕವನ್ನು ಬಾಟಲಿ ಅಕ್ಕ ಕೇಳಿದ್ದು ಅದೇ ಮೊದಲು. ಮುಖಗಳು ಮಾತ್ರ ನೆನಪಿದ್ದವು, ಹಳದಿ ಕಣ್ಣಿನ ಮುಖಗಳು.  "ಭಾನುವಾರ ಕಳೀಲಿ ಡಾಕ್ಟ್ರಮ್ಮ, ಆಮೇಲೆ ಹೇಳ್ತೀನಿ," ಎಂದು ಎದ್ದುಹೋಗಿ, ತೊಳೆದಿದ್ದ ಟ್ರೇಗಳನ್ನೇ ಇನ್ನೊಮ್ಮೆ ತೊಳೆಯತೊಡಗಿದಳು.

ಅವಳು ಯಾರಿಗೂ ಹೇಳದ ಆ ಸಂಗತಿ ನಡೆದದ್ದು ಮೂವತ್ತೆರಡು ವರ್ಷದ ಹಿಂದೆ, ಒಂದು ಬೆಳಿಗ್ಗೆ. ಅವಳಾಗ ಎರಡು ವರ್ಷದ ಹೊಸಬಳು. ಆಗಿನ ಪದ್ಧತಿ ಈಗಿನದಕ್ಕೆ ತಲೆಕೆಳಗು. ರೌಂಡ್ಸಿಗೆ ಮೊದಲು ವಾರ್ಡು ಫಳಫಳ ಹೊಳೆಯಬೇಕು, ಬಾಟಲಿಗಳು ಎಂಟೂಮುಕ್ಕಾಲಿಗೆಲ್ಲ ಖಾಲಿಯಾಗಿ ತೊಳೆದು ಸಾಲಾಗಿ ಕೂತಿರಬೇಕು. ವಾರ್ಡಿನ ಹಿರಿಯ ಸಿಸ್ಟರ್‌ಗೆ ಅದೊಂದು ಹುಚ್ಚು. ಒಂದು ಬಾಟಲಿಯಲ್ಲಿ ಕಲೆ ಕಂಡರೆ ಆಯಾಗಳಿಗೆ ಇಡೀ ದಿನ ಮಂಗಳಾರತಿ. ದೊಡ್ಡ ಡಾಕ್ಟರಿಗೂ ಅದೇ ಇಷ್ಟವೆಂದು ಎಲ್ಲರೂ ನಂಬಿದ್ದರು. ಆಗ ಅವರಿಗೆ ಐವತ್ತರ ಒಳಗಿನ ವಯಸ್ಸು, ಚುರುಕು ಕೈ, ಚುರುಕು ನಾಲಿಗೆ.

ಏಳನೇ ಹಾಸಿಗೆಯಲ್ಲಿ ಗಡಿಯಾರ ರಿಪೇರಿ ಮಾಡುವವನೊಬ್ಬ ಇದ್ದ. ನಲವತ್ತೈದು ದಾಟಿರಲಿಲ್ಲ. ಹಳದಿಯಾಗಿ ಬಂದವನಿಗೆ ದೊಡ್ಡ ಡಾಕ್ಟರು ಏಳು ಗಂಟೆ ನಿಂತು ಆಪರೇಷನ್ ಮಾಡಿದ್ದರು. ಗ್ರಂಥಿ ಮೆತ್ತಗಿತ್ತಂತೆ. ಮೂರನೇ ದಿನ ಅವನ ಕಣ್ಣಿನ ಬಿಳುಪು ತಿರುಗಿ ಬಂತು, ಐದನೇ ದಿನ ಬಾಯಿ ಬಂತು. ವಾರ್ಡಿನ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿದೆ ಎಂದು ಹಟ ಹಿಡಿದು ಅದನ್ನು ಇಳಿಸಿಕೊಂಡು, ಹಾಸಿಗೆಯ ಮೇಲೆ ಬಿಳಿ ಟವೆಲ್ ಹಾಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಒಳಗೆಲ್ಲ ಉಜ್ಜಿ ಸರಿಮಾಡಿದ. "ನೋಡಮ್ಮ," ಎಂದ ಬಾಟಲಿ ಅಕ್ಕನಿಗೆ, "ನಾನು ಬಿಚ್ಚಿದ್ರೆ ಎಲ್ಲಾ ಸಾಮಾನು ವಾಪಸ್ ಹಾಕ್ತೀನಿ. ನಿಮ್ಮ ಡಾಕ್ಟ್ರು ನನ್ನ ಬಿಚ್ಚಿ ಅರ್ಧ ಸಾಮಾನು ಹೊರಗೇ ಇಟ್ಕೊಂಡ್ರು. ಆದ್ರೂ ಓಡ್ತಾ ಇದ್ದೀನಿ!" ಅವನ ಹೆಂಡತಿ, ಬಡಕಲು ಹೆಂಗಸು, ನಗಿಸಬೇಡಿ ಹೊಲಿಗೆ ಬಿಚ್ಚುತ್ತೆ ಎಂದು ಅವನ ಬಾಯಿ ಮುಚ್ಚುತ್ತಿದ್ದಳು. ಗಂಡ ಎದ್ದು ನಡೆಯುವ ದಿನಕ್ಕೆಂದು ಅವನ ಚಪ್ಪಲಿ ಒರೆಸಿ ಬಾಟಲಿಯ ಪಕ್ಕದಲ್ಲೇ ಜೋಡಿಸಿಟ್ಟಿದ್ದಳು.

ಹತ್ತನೇ ದಿನ ಬೆಳಿಗ್ಗೆ ಎಂಟೂವರೆಗೆ ಬಾಟಲಿ ಅಕ್ಕ ಏಳನೇ ಹಾಸಿಗೆಯ ಬಾಟಲಿ ಎತ್ತಿದಳು. ದಿನವೂ ನೂರು ಎಂ.ಎಲ್. ಹತ್ತಿರ ಇರುತ್ತಿದ್ದದ್ದು ಅವತ್ತು ಯಾಕೋ ಇಪ್ಪತ್ತೇ ಇತ್ತು. ತಿಳಿ ಹಳದಿ ನೀರಿನ ತಳದಲ್ಲಿ ಕೆಂಪು ಶಾಯಿ ಬಿದ್ದ ಹಾಗೆ ಒಂದು ಚಮಚದಷ್ಟು ರಕ್ತ ಕೂತಿತ್ತು. ಆಪರೇಷನ್ ಆದ ಮೊದಲೆರಡು ದಿನ ಎಲ್ಲರ ಬಾಟಲಿಯಲ್ಲೂ ಕೆಂಪು ಕಂಡವಳಿಗೆ ಅದು ಹೆದರಿಕೆಯ ವಸ್ತುವಲ್ಲ. ಆದರೂ, ಹತ್ತನೇ ದಿನ ಇದೇನು, ಸಿಸ್ಟರ್‌ಗೆ ಒಂದು ಮಾತು ಹೇಳೋಣ ಎಂದು ಬಾಟಲಿ ಹಿಡಿದು ತಿರುಗಿದಳು. ಅಷ್ಟರಲ್ಲಿ ಆ ಸಿಸ್ಟರೇ ವಾರ್ಡಿನ ಆ ತುದಿಯಿಂದ, "ಇನ್ನೂ ಏಳನೇದರಲ್ಲೇ ಇದ್ದೀಯಾ? ಡಾಕ್ಟ್ರು ಬಂದ ಮೇಲೆ ತೊಳೀತೀಯಾ?" ಎಂದು ಗದರಿದಳು. ಅವಳು ಹೇಳದೆ ತಿರುಗಿ ಬಂದಳು. ಚಾರ್ಟಿನಲ್ಲಿ ಇಪ್ಪತ್ತು ಎಂದು ಬರೆದಳು. ಬಣ್ಣ ಬರೆಯಲು ಅಲ್ಲಿ ಜಾಗವಿರಲಿಲ್ಲ. ಚೆಲ್ಲಿದಳು, ಉಜ್ಜಿ ಉಜ್ಜಿ ತೊಳೆದಳು, ಮತ್ತೆ ಇಟ್ಟಳು.

ಒಂಬತ್ತಕ್ಕೆ ದೊಡ್ಡ ಡಾಕ್ಟರು ಬಂದರು. ಏಳನೇ ಹಾಸಿಗೆಯ ಮುಂದೆ ಅವತ್ತು ಸ್ವಲ್ಪ ಹೆಚ್ಚೇ ಹೊತ್ತು ನಿಂತರು. ಚಾರ್ಟು ನೋಡಿದರು, ಬಗ್ಗಿ ಬಾಟಲಿಯನ್ನೂ ನಳಿಕೆಯನ್ನೂ ನೋಡಿದರು, ಏನೂ ಹೇಳದೆ ಎಂಟನೆಯದಕ್ಕೆ ಹೋದರು. ಮಧ್ಯಾಹ್ನ ಎರಡು ಗಂಟೆಗೆ ಗಡಿಯಾರದವನು ನೀರು ಬೇಕೆಂದು ಎದ್ದು ಕುಳಿತ. ನೋಡನೋಡುತ್ತಿದ್ದ ಹಾಗೆ ಬಾಟಲಿ ಕೆಂಪಗೆ ತುಂಬಿ ಹೊರಚೆಲ್ಲಿತು, ಬಾಯಿಂದಲೂ ಬಂತು. ದೊಡ್ಡ ಡಾಕ್ಟರು ಓಡಿ ಬಂದು ಅವನ ಹೊಟ್ಟೆಯ ಮೇಲೆ ಮುಷ್ಟಿಯೊತ್ತಿ ಹಿಡಿದುಕೊಂಡೇ ಗಾಡಿಯ ಜೊತೆ ಥಿಯೇಟರಿನ ಕಡೆ ಓಡಿದರು. ಲಿಫ್ಟಿನ ಬಾಗಿಲು ತೆರೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಸೋರಿದ ರಸ ಒಂದು ದೊಡ್ಡ ರಕ್ತನಾಳದ ಗೋಡೆಯನ್ನು ಕೊರೆದಿತ್ತು. ಸಂಜೆ ಐದಕ್ಕೆ ಅವನ ಹೆಂಡತಿ ಮರೆತುಹೋದ ಚಪ್ಪಲಿಗಾಗಿ ವಾರ್ಡಿಗೆ ಮರಳಿ ಬಂದಳು. ಬಾಟಲಿ ಅಕ್ಕನ ಎರಡೂ ಕೈ ಹಿಡಿದುಕೊಂಡು ಏನೋ ಒಂದು ಮಾತು ಹೇಳಿ ಹೋದಳು. ಅದೇನೆಂದು ಬಾಟಲಿ ಅಕ್ಕ ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅವತ್ತಿಗೆ ಅವಳಿಗಿದ್ದದ್ದು ಬರೀ ಕಸಿವಿಸಿ. ಆ ಕೆಂಪಿಗೂ ಈ ಕೆಂಪಿಗೂ ಸಂಬಂಧ ಉಂಟೋ ಇಲ್ಲವೋ ಅವಳಿಗೇನು ಗೊತ್ತು? ದೊಡ್ಡ ಡಾಕ್ಟರು ಅವತ್ತಿನಿಂದ ಆ ಆಪರೇಷನ್ ಬಿಟ್ಟರು. ಆರು ವರ್ಷವಾದ ಮೇಲೆ ಬೇರೊಂದು ಆಸ್ಪತ್ರೆಗೆ ಮೂರು ತಿಂಗಳು ಹೋಗಿ ನೋಡಿ ಕಲಿತು ಬಂದು, ನರ್ಸುಗಳು ಆಯಾಗಳನ್ನೆಲ್ಲ ನಿಲ್ಲಿಸಿ ಹೇಳಿದರು. "ಮತ್ತೆ ಶುರು ಮಾಡ್ತಿದ್ದೀನಿ. ಒಂದು ಮಾತು ನೆನಪಿಟ್ಕೊಳ್ಳಿ. ದೊಡ್ಡ ರಕ್ತ ಸಾಮಾನ್ಯವಾಗಿ ಹೇಳದೆ ಬರಲ್ಲ. ಕೆಲವು ಗಂಟೆ ಮುಂಚೆ, ಇಲ್ಲಾ ಒಂದೆರಡು ದಿನ ಮುಂಚೆ, ಚಿಕ್ಕ ರಕ್ತ ಬರುತ್ತೆ. ಒಂದು ಚಮಚ ಅಷ್ಟೇ. ಅದು ನೋಟೀಸು." ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ಬಾಟಲಿ ಅಕ್ಕ ಹಿಂದಿನ ಸಾಲಿನಲ್ಲಿದ್ದಳು. ತಾನು ತೊಳೆದದ್ದು ಏನನ್ನೆಂದು ಅವಳಿಗೆ ಗೊತ್ತಾದದ್ದು ಆಗ.

ಮಾರನೆಯ ದಿನವೇ ಪೆನ್ಸಿಲಿನಲ್ಲಿ ಗೆರೆ ಎಳೆದಳು. ರೌಂಡ್ಸಿಗೆ ಮುಂಚೆ ಬಾಟಲಿ ಮುಟ್ಟಬೇಡಿ ಎಂದು ಹಿರಿಯ ಸಿಸ್ಟರ್‌ಗೇ ಅಡ್ಡ ನಿಂತಳು. ಸಿಸ್ಟರ್ ಹೌಹಾರಿ ದೂರು ಕೊಂಡೊಯ್ದಾಗ ದೊಡ್ಡ ಡಾಕ್ಟರು, "ಅವಳು ಹೇಳಿದ ಹಾಗೇ ಆಗ್ಲಿ," ಎಂದರು. ಯಾಕೆಂದು ಕೇಳಲಿಲ್ಲ. ಮುಂದಿನ ವರ್ಷಗಳಲ್ಲಿ ಹನ್ನೊಂದು ಸಲ ಅವಳು ಕೆಂಪು ಕಂಡು ಚೀಲ ಹಿಡಿದು ಓಡಿದ್ದಾಳೆ. ಮೊದಮೊದಲು ಹೊಟ್ಟೆ ತೆಗೆದು ರಕ್ತನಾಳ ಕಟ್ಟುತ್ತಿದ್ದರು. ಆಮೇಲೆ ತೊಡೆಯ ರಕ್ತನಾಳದಿಂದ ಸಣ್ಣ ತಂತಿ ತೂರಿಸಿ, ತೂತಾದ ಕಡೆಯೇ ಮುಚ್ಚುವ ವಿದ್ಯೆ ಬಂತು. ಹನ್ನೊಂದರಲ್ಲಿ ಎಂಟು ಜನ ನಡೆದುಕೊಂಡು ಮನೆಗೆ ಹೋದರು. ಅದರಿಂದ ಅವಳಿಗೆ ಸಮಾಧಾನ ಸಿಕ್ಕಿತೆಂದು ಬರೆದರೆ ಸುಳ್ಳಾಗುತ್ತದೆ. ಪ್ರತಿ ಸಲವೂ, ಹಾಗಾದರೆ ಅವನೂ ಉಳಿಯುತ್ತಿದ್ದ ಎಂಬುದಷ್ಟೇ ಅವಳಿಗೆ ಇನ್ನಷ್ಟು ಖಾತ್ರಿಯಾಗುತ್ತಿತ್ತು.

ಯಾಕೆ ಹೇಳಲಿಲ್ಲ? ಮೊದಲು ಕೆಲಸ ಹೋಗುವ ಭಯ. ಆಮೇಲೆ, ಅಂತೂ ಮತ್ತೆ ಕತ್ತಿ ಹಿಡಿದ ಮನುಷ್ಯನ ಮನಸ್ಸು ಕೆಡಿಸುವುದು ಬೇಡ ಎಂಬ ನೆಪ. ಆಮೇಲೆ ಅಭ್ಯಾಸ. ಈಗ ಆ ತಪ್ಪಿನ ಮೇಲೆ ಫೋಟೋ ಅಂಟಿಸಿ ಹೊಗಳಿಕೆ ಬರೆಯುತ್ತಾರೆ ಎಂದಾಗ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಡಾಕ್ಟರಮ್ಮನಿಗೆ ಹೇಳುವ ಮುಂಚೆ ದೊಡ್ಡ ಡಾಕ್ಟರಿಗೆ ಹೇಳಬೇಕು. ಎಂಬತ್ತರ ಮನುಷ್ಯ, ಹೃದಯ ಸರಿಯಿಲ್ಲ. ತನ್ನ ಹೊಲಿಗೆಯೇ ಒಬ್ಬನನ್ನು ಕೊಂದಿತೆಂದು ನಂಬಿಕೊಂಡೇ ಅವರು ಕಣ್ಣು ಮುಚ್ಚಬಾರದು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರ ಮನೆಗೆ ಹೋದಳು. ಬಾಗಿಲು ತೆಗೆದ ಅವರ ಹೆಂಡತಿ, "ಓ, ನೀನಾ! ಬಾ ಬಾ, ಆಸ್ಪತ್ರೆಯವರನ್ನ ಕಂಡ್ರೆ ಇವ್ರಿಗೆ ಜೀವ ಬರುತ್ತೆ," ಎಂದು ಒಳಗೆ ಕರೆದು ಚಹಾ ಇಡಲು ಹೋದರು. ಅವರು ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಕುರ್ಚಿಯ ಕೈಗೆ ಕಪ್ಪು ದಾರ ಸುತ್ತಿ ಗಂಟಿನ ಮೇಲೆ ಗಂಟು ಹಾಕುತ್ತಾ ಕೂರುವುದು ಅವರ ಹಳೆಯ ರೂಢಿ. ಬೆರಳು ನಡುಗಿದರೂ ಗಂಟು ತಪ್ಪುತ್ತಿರಲಿಲ್ಲ.

"ಏನಮ್ಮ, ಬಾಟಲಿ ಬಿಟ್ಟು ಬರೀ ಕೈಲಿ ಬಂದಿದ್ದೀಯ?"

ಅವಳಿಗೆ ನಗು ಬರಲಿಲ್ಲ. ಕೂರದೆ ನಿಂತೇ ಕೇಳಿದಳು. "ಡಾಕ್ಟ್ರೇ, ಏಳನೇ ಹಾಸಿಗೆ ಗಡಿಯಾರದೋರು ನೆನಪಿದ್ದಾರಾ?"

ದಾರ ಹಿಡಿದ ಬೆರಳು ನಿಂತಿತು. "ಹೇಳು."

"ಅವತ್ತು ಬೆಳಿಗ್ಗೆ ಅವರ ಬಾಟಲಿಲಿ ರಕ್ತ ಇತ್ತು. ನಾನು ನೋಡಿದೆ. ನೋಡಿ ಚೆಲ್ಲಿ ತೊಳೆದುಬಿಟ್ಟೆ. ಯಾರಿಗೂ ಹೇಳ್ಲಿಲ್ಲ. ನಿಮ್ಮ ಹೊಲಿಗೆದು ತಪ್ಪಲ್ಲ ಡಾಕ್ಟ್ರೇ. ನಾನು ಹೇಳಿದ್ದಿದ್ರೆ..." 

ಒಳಗೆ ಸ್ಟೌ ಹೊತ್ತಿಸಿದ ಸದ್ದಾಯಿತು. ಅವರು ಅವಳ ಕಡೆ ತಿರುಗಿದರು.

"ಎಷ್ಟು ಗಂಟೆಗೆ?"

"ಎಂಟೂವರೆ."

"ಎಷ್ಟಿತ್ತು?"

"ಒಂದು ಚಮಚ. ಒಟ್ಟು ಇಪ್ಪತ್ತರಲ್ಲಿ."

"ಹಾಗಾದ್ರೆ ನಿಂತಿರಲಿಲ್ಲ," ಎಂದರು ಅವರು.

ಅವಳಿಗೆ ಅರ್ಥವಾಗಲಿಲ್ಲ. ಅವರು ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಧಾನವಾಗಿ ಹೇಳಿದರು. "ಅವತ್ತು ಆರು ಗಂಟೆಗೆ ನಾನು ವಾರ್ಡಿಗೆ ಬಂದಿದ್ದೆ. ಮೆತ್ತನೆ ಗ್ರಂಥಿ ಅಲ್ವಾ, ನನಗೆ ನಿದ್ದೆ ಬರ್ತಿರಲಿಲ್ಲ. ಅವನು ಮಲಗಿದ್ದ. ಬಾಟಲಿಲಿ ಕೆಂಪು ಕಾಣಿಸ್ತು, ಸ್ವಲ್ಪವೇ. ಮತ್ತೆ ಬರುತ್ತಾ ನೋಡೋಣ ಅಂತ ನಾನೇ ಸಿಂಕಿಗೆ ಚೆಲ್ಲಿ, ತೊಳೆದು ಇಟ್ಟೆ. ಯಾರನ್ನೂ ಎಬ್ಬಿಸಲಿಲ್ಲ, ಯಾರಿಗೂ ಹೇಳಲಿಲ್ಲ. ಕೆಳಗೆ ಹೋಗಿ ಚಹಾ ಕುಡಿದೆ, ಪೇಪರ್ ಓದಿದೆ. ಒಂಬತ್ತಕ್ಕೆ ಬಂದಾಗ ಚಾರ್ಟಿನಲ್ಲಿ ಇಪ್ಪತ್ತು ಅಂತಿತ್ತು, ನಳಿಕೆ ತಿಳಿಯಾಗಿತ್ತು. ನಿಂತಿದೆ ಅಂದ್ಕೊಂಡೆ."

ನೂರು ಇರಬೇಕಾದ ಕಡೆ ಇಪ್ಪತ್ತೇ ಯಾಕಿತ್ತೆಂದು ಮೂವತ್ತೆರಡು ವರ್ಷದ ಮೇಲೆ ಅವಳಿಗೆ ತಿಳಿಯಿತು. ಒಂದೇ ಬಾಟಲಿಯನ್ನು ಎರಡು ಸಲ ತೊಳೆಯಲಾಗಿತ್ತು. ಅವಳು ಅಲ್ಲೇ ನೆಲದ ಮೇಲೆ ಕುಳಿತಳು.

"ಎಂಟೂವರೆಗೂ ಇತ್ತು ಅಂತ ನಿಮಗೆ ಗೊತ್ತಾಗಿದ್ದಿದ್ರೆ?"

"ಒಂಬತ್ತಕ್ಕೇ ಹೊಟ್ಟೆ ತೆಗೀತಿದ್ದೆ." ಅವರು ಆ ಮಾತಿಗೆ ಸಕ್ಕರೆ ಸವರಲಿಲ್ಲ. "ಉಳೀತಿದ್ದನೋ ಇಲ್ವೋ, ಅದು ಬೇರೆ. ತೆಗೀತಿದ್ದೆ."

"ಅದಕ್ಕೇ ಆರು ವರ್ಷ ನಿಲ್ಲಿಸಿದ್ರಾ?"

"ರಕ್ತ ನಿಂತಿದೆ, ಎಲ್ಲಾ ಸರಿಯಾಗಿದೆ ಅಂತ ನನ್ನ ಕಣ್ಣು ಹೇಳ್ತು. ಐದು ಗಂಟೆ ಕಳೆಯೋದ್ರಲ್ಲಿ ಮನುಷ್ಯ ಹೋದ. ಆ ಕಣ್ಣನ್ನ ನಂಬಿ ಇನ್ನೊಬ್ಬರ ಹೊಟ್ಟೆಗೆ ಕೈ ಹಾಕೋಕೆ ನನಗೆ ಧೈರ್ಯ ಬರಲಿಲ್ಲ."

ಆ ಕಣ್ಣು ತಪ್ಪು ನೋಡಿರಲಿಲ್ಲ. ಅದರ ಮುಂದಿಟ್ಟ ಬಾಟಲಿ ಸುಳ್ಳು ಹೇಳಿತ್ತು. ಹಾಗಾದರೆ ಅವಳು ತೊಳೆದದ್ದಕ್ಕೆ ಬೆಲೆ ತೆತ್ತವನು ಗಡಿಯಾರದವನೊಬ್ಬನೇ ಅಲ್ಲ. ಬಾಟಲಿ ಅಕ್ಕ ಲೆಕ್ಕದಲ್ಲಿ ದಡ್ಡಿಯಲ್ಲ. "ಅರವತ್ತೊಂದು ಜನ ಬಂದಿದ್ರಂತೆ, ಆ ಆರು ವರ್ಷದಲ್ಲಿ," ಎಂದಳು.

"ಎಲ್ಲರೂ ಉಳೀತಿರಲಿಲ್ಲಮ್ಮ. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಗಂಟು ತೆಗೆಯೋಕೇ ಆಗ್ತಿರಲಿಲ್ಲ, ಅಷ್ಟು ಬೆಳೆದಿರುತ್ತೆ. ತೆಗೆದವರಲ್ಲೂ ಕೆಲವರು ಹೋಗ್ತಿದ್ರು, ಕೆಲವರಿಗೆ ಮತ್ತೆ ಬರ್ತಿತ್ತು. ಹತ್ತು ಜನ ಇರಬಹುದು. ಹತ್ತು ಜನ ಇನ್ನೊಂದಿಷ್ಟು ವರ್ಷ ಬದುಕ್ತಿದ್ರೇನೋ."

"ಹತ್ತು ಜನ ಅಂದ್ರೆ ಕಡಿಮೆನಾ ಡಾಕ್ಟ್ರೇ?"

 ಹೆಂಡತಿ ಎರಡು ಲೋಟ ಚಹಾ ತಂದು, ಇಬ್ಬರ ಮುಖವನ್ನೂ ನೋಡಿ, ಇಟ್ಟು ಹೋದರು. ಕೊನೆಗೆ ಬಾಟಲಿ ಅಕ್ಕನೇ ಕೇಳಿದಳು, ಅಳುತ್ತಲೇ, ಸ್ವಲ್ಪ ಸಿಟ್ಟಿನಿಂದಲೇ ಕೇಳಿದಳು. "ನಾನು ಆಯಾ, ತಿಳೀದೋಳು. ನೀವ್ಯಾಕೆ ಒಂದು ಮಾತು ಕೇಳ್ಲಿಲ್ಲ? ಎಂಟೂವರೆಗೆ ಏನು ಬಣ್ಣ ಇತ್ತಮ್ಮ ಅಂತ ಕೇಳಿದ್ದಿದ್ರೆ ಹೇಳ್ಬಿಡ್ತಿದ್ದೆನಲ್ಲ."

"ಕೇಳಿದ್ರೆ, ಆರು ಗಂಟೆಗೆ ನಾನು ನೋಡಿದ್ದನ್ನ ಹೇಳ್ಬೇಕಾಗ್ತಿತ್ತು."

ಚಹಾ ಆರಿ ಕೆನೆ ಕಟ್ಟಿತು. ಹೊರಡುವಾಗ ಅವರು ಗೋಡೆ ಹಿಡಿದುಕೊಂಡು ಗೇಟಿನವರೆಗೆ ಬಂದರು. ಅಷ್ಟು ದೂರ ನಡೆಯಬಾರದೆಂದು ಅವರಿಗೆ ಅವರ ಡಾಕ್ಟರು ಹೇಳಿದ್ದರು. "ಚರಿತ್ರೆ ಬರೀತಿರೋ ಆ ಹುಡುಗಿಗೆ ಹೇಳು, ಬರೀಲಿ," ಎಂದರು. "ನಂದೂ ಬರೀಲಿ. ಮೊದಲು ನಂದು, ಆರು ಗಂಟೆದು. ಆಮೇಲೆ ನಿಂದು."

ಸೋಮವಾರ ಚೀಲಗಳನ್ನೆಲ್ಲ ರೌಂಡ್ಸಿನಲ್ಲಿ ತೋರಿಸಿ, ಅಳೆದು, ಚೆಲ್ಲಿ ಮುಗಿಸಿದ ಮೇಲೆ ಬಾಟಲಿ ಅಕ್ಕ ಸಣ್ಣ ಡಾಕ್ಟರಮ್ಮನನ್ನು ಸಾಮಾನು ಕೋಣೆಗೆ ಕರೆದು ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಬರೆದುಕೊಳ್ಳುವುದನ್ನು ನಡುವೆ ಎರಡು ಸಲ ನಿಲ್ಲಿಸಿದಳು. ಕೊನೆಗೆ ಅವಳು ಓದಿದ ಸಾಲುಗಳಲ್ಲಿ ದೊಡ್ಡ ಡಾಕ್ಟರ ಆರು ಗಂಟೆ ಇತ್ತು, ಅದರ ಮುಂದೆ 'ಎಂಟೂವರೆಗೆ ವಾರ್ಡಿನ ಸಿಬ್ಬಂದಿಯೊಬ್ಬರು' ಎಂದಿತ್ತು.

"ಯಾರೋ ಸಿಬ್ಬಂದಿ ಅಲ್ಲ ಡಾಕ್ಟ್ರಮ್ಮ. ನಾನು. ಫೋಟೋ ಹಾಕ್ತೀನಿ ಅಂದ್ರಲ್ಲ, ಹಾಕಿ. ಬಣ್ಣದ ಕಾಲಂ ಪಕ್ಕ ಬೇಡ, ಇದರ ಪಕ್ಕ ಹಾಕಿ. ಕೆಳಗೆ ಅರವತ್ತೊಂದು ಅಂತ ಬರೀರಿ."

ಡಾಕ್ಟರಮ್ಮ ತಲೆ ಬಗ್ಗಿಸಿ ತಿದ್ದಿದಳು. ಆಮೇಲೆ ಪೆನ್ನು ಹಿಡಿದೇ ಮೆಲ್ಲಗೆ ಕೇಳಿದಳು. "ಇನ್ನೇನಾದ್ರೂ ಇದೆಯಾ ಅಕ್ಕ?"

ಬಾಟಲಿ ಅಕ್ಕ ಬಾಗಿಲ ಆಚೆ ನೋಡಿದಳು. ಏಳನೇ ಹಾಸಿಗೆಯಲ್ಲಿ ಈಗ ಒಬ್ಬ ಟೀಚರಮ್ಮ ಇದ್ದಳು, ಆಪರೇಷನ್ ಆಗಿ ಆರನೇ ದಿನ, ಚೀಲದಲ್ಲಿ ತಿಳಿ ಹಳದಿ.

"ಅವತ್ತು ಸಂಜೆ ಗಡಿಯಾರದೋರ ಹೆಂಡತಿ ಚಪ್ಪಲಿ ತಗೊಂಡು ಹೋಗೋಕೆ ಬಂದ್ಳು. ನನ್ನ ಎರಡೂ ಕೈ ಹಿಡ್ಕೊಂಡ್ಳು. 'ಕೊನೇ ದಿನದವರೆಗೂ ಅವರ ಬಾಟಲಿನ ಎಷ್ಟು ಚೊಕ್ಕಟವಾಗಿ ತೊಳೆದಿಟ್ರಿ ಅಕ್ಕ, ನಿಮ್ಮ ಋಣ ನಾನು ಹೇಗೆ ತೀರಿಸ್ಲಿ,' ಅಂತ ಈ ಕೈಗಳನ್ನ ಕಣ್ಣಿಗೆ ಒತ್ಕೊಂಡ್ಳು." ಅವಳು ತನ್ನ ಕೈಗಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡಳು. ಅವು ಒದ್ದೆಯಾಗಿರಲಿಲ್ಲ. "ಇದೊಂದನ್ನ ಮಾತ್ರ ಬರೀಬೇಡಿ ಡಾಕ್ಟ್ರಮ್ಮ."